ಕೀರ್ತಿಮುಖ, ಮಕರ, ವ್ಯಾಳ: ಗುಡಿಗಳ ಕಲ್ಲಿನ ಕಾವಲುಗಾರರು

ಉಬ್ಬಿದ ಕಣ್ಣು, ತೆರೆದ ಬಾಯಿ, ಹೊರಚಾಚಿದ ಕೋರೆಹಲ್ಲು. ಹಳೆಯ ಗುಡಿಗಳ ತೋರಣ, ಗೋಪುರಗಳ ನೆತ್ತಿಯಲ್ಲಿ ಕಾಣುವ ಈ ಭಯಂಕರ ಮುಖವೇ ಕೀರ್ತಿಮುಖ. ಸಿಂಹಲಲಾಟವೆಂದೂ ಇದಕ್ಕೆ ಹೆಸರುಂಟು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಒಳಗೊಂಡ ಬೆಳಗಾವಿ ಜಿಲ್ಲೆಯು ಇಂತಹ ಶಿಲ್ಪಪರಂಪರೆಯ ಸೀಮೆ. ಗೋಕಾಕ ಜಲಪಾತದ ಬಳಿ ಘಟಪ್ರಭೆಯ ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಿದೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದನು. ದೇಗಾಂವಿಯ ಕಮಲನಾರಾಯಣ ದೇವಾಲಯವು ಗೋವೆಯ ಕದಂಬರ ರಾಣಿ ಕಮಲಾದೇವಿಯ ಕೊಡುಗೆ. ಹುಕ್ಕೇರಿಯ ಆದಿಲಶಾಹಿ ಗುಂಬಜಗಳ ಸಂಪ್ರದಾಯ ಬೇರೆ. ಅಂತಹ ಗೋರಿಕಟ್ಟಡಗಳಲ್ಲಿ ಪ್ರಾಣಿರೂಪಗಳಿಗಿಂತ ಎಲೆ, ಬಳ್ಳಿ, ರೇಖಾಕೃತಿಗಳಿಗೆ ಪ್ರಾಶಸ್ತ್ಯ.

ಪುರಾಣದ ಹಿನ್ನೆಲೆ

ಅಸುರ ಜಲಂಧರನು ರಾಹುವನ್ನು ದೂತನನ್ನಾಗಿ ಕಳುಹಿಸಿ ಶಿವನಲ್ಲಿ ಪಾರ್ವತಿಯನ್ನು ಬೇಡಿದನೆಂದು ಪುರಾಣ ಹೇಳುತ್ತದೆ. ಕೆರಳಿದ ಶಿವನ ಹುಬ್ಬಿನ ನಡುವಿನಿಂದ ಹಸಿದ ಭೂತವೊಂದು ಹೊಮ್ಮಿತು. ರಾಹು ಶರಣಾಗತನಾದಾಗ, ಆಹಾರವಿಲ್ಲದ ಭೂತವು ಶಿವನ ಅಪ್ಪಣೆಯಂತೆ ತನ್ನ ದೇಹವನ್ನೇ ತಿಂದು ಮುಖಮಾತ್ರವಾಗಿ ಉಳಿಯಿತು. ಮೆಚ್ಚಿದ ಶಿವನು ಅದನ್ನು ತನ್ನ ಬಾಗಿಲ ಕಾವಲಿಗೆ ನಿಲ್ಲಿಸಿದನು.

ಅಲಂಕಾರವೂ ಹೌದು, ಕೆಲಸವೂ ಹೌದು

ಮೊಸಳೆಯ ಬಾಯಿ, ಆನೆಯ ಸೊಂಡಿಲು ಕೂಡಿದ ಮಕರವು ತೋರಣದ ಎರಡು ತುದಿಗಳಲ್ಲಿ ಕಾಣುತ್ತದೆ. ಗರ್ಭಗುಡಿಯ ಅಭಿಷೇಕದ ನೀರನ್ನು ಹೊರಗೆ ಬಿಡುವ ಪ್ರಣಾಳಕ್ಕೂ ಹಲವೆಡೆ ಇದೇ ಮುಖ. ಸಿಂಹದ ಮೈಗೆ ಬೇರೆ ಪ್ರಾಣಿಗಳ ಅಂಗಗಳನ್ನು ಜೋಡಿಸಿದ ರೂಪವೇ ವ್ಯಾಳ. ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಅದರ ವೈಭವವನ್ನು ನೋಡಬಹುದು. ಯೂರೋಪಿನ ಹಳೆಯ ಚರ್ಚುಗಳಲ್ಲಿಯೂ ಗಾರ್ಗಾಯ್ಲ್ ಎಂಬ ವಿಕಾರಮುಖಗಳು ಮಾಳಿಗೆಯ ಮಳೆನೀರನ್ನು ಗೋಡೆಗೆ ತಾಗದಂತೆ ದೂರ ಉಗುಳುತ್ತವೆ.

ಉಳಿಸುವ ಹೊಣೆ

ಸಂರಕ್ಷಿತ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಹಾಗೂ 1961ರ ರಾಜ್ಯ ಕಾಯ್ದೆಗಳ ಆಸರೆಯಿದೆ. ಆ ಪಟ್ಟಿಯಲ್ಲಿಲ್ಲದ ಊರಗುಡಿಗಳ ಶಿಲ್ಪಗಳು ಊರವರ ಕೈಯಲ್ಲಿಯೇ ಉಳಿಯಬೇಕು. ವರ್ಷವರ್ಷವೂ ಬಳಿಯುವ ಸುಣ್ಣ ಮತ್ತು ಎಣ್ಣೆಬಣ್ಣಗಳು ಉಳಿಯ ನಯವಾದ ಗೆರೆಗಳನ್ನು ಮುಚ್ಚುತ್ತವೆ. ಸಿಮೆಂಟಿನಿಂದ ಪ್ರಣಾಳ ಕಟ್ಟಿಕೊಂಡರೆ ನೀರು ಗೋಡೆಗೆ, ತಳಪಾಯಕ್ಕೆ ಇಳಿಯುತ್ತದೆ. ಜೀರ್ಣೋದ್ಧಾರಕ್ಕೆ ಮುನ್ನ ಪುರಾತತ್ತ್ವ ತಜ್ಞರ ಸಲಹೆ ಪಡೆದಲ್ಲಿ ಭಕ್ತಿಗೂ ಕುಂದಿಲ್ಲ, ಶಿಲ್ಪಕ್ಕೂ ಹಾನಿಯಿಲ್ಲ.