ಅಗ್ನಿಶಿಖೆ (ಗೌರಿ ಹೂವು)

ಸಸ್ಯಶಾಸ್ತ್ರೀಯ ಹೆಸರು: ಗ್ಲೋರಿಯೋಸಾ ಸೂಪರ್ಬಾ
ಕುಟುಂಬ: ಕಾಲ್ಚಿಕೇಸೀ
ಇತರ ಹೆಸರುಗಳು: ಲಾಂಗಲಿ, ಕೋಳಿಕುಟುಮ, ಕರಡಿ ಕಣ್ಣಿನ ಗೆಡ್ಡೆ, ಶಿವಶಕ್ತಿ

ಪರಿಚಯ

ಲಿಲ್ಲಿ ಎಂಬ ಹೆಸರಿನಿಂದ ಕರೆಯಲ್ಪಡುವ ಹೂಗಿಡಗಳೆಲ್ಲವೂ ನಿಜವಾದ ಲಿಲ್ಲಿಗಳಲ್ಲ. ಲಿಲಿಯಂ ಜಾತಿಗೆ ಸೇರಿದವು ಮಾತ್ರ ನಿಜವಾದ ಲಿಲ್ಲಿಗಳು. ಅವು ತಂಪು ಹವೆಯನ್ನು ಬಯಸುತ್ತವೆ. ನಮ್ಮ ಉದ್ಯಾನಗಳ ಮಳೆ ಲಿಲ್ಲಿ ಮತ್ತು ಸ್ಪೈಡರ್ ಲಿಲ್ಲಿಗಳು ಅಮರಿಲ್ಲಿಡೇಸೀ ಕುಟುಂಬದವು. ಅಗ್ನಿಶಿಖೆಯನ್ನು ಹಿಂದೆ ಲಿಲಿಯೇಸೀ ಕುಟುಂಬದಲ್ಲಿ ಸೇರಿಸಲಾಗಿತ್ತು. ಈಗ ಅದನ್ನು ಕಾಲ್ಚಿಕೇಸೀ ಕುಟುಂಬದಲ್ಲಿ ಪರಿಗಣಿಸಲಾಗಿದೆ. ಲಿಲ್ಲಿಯನ್ನು ಹೋಲುವ ಹೂಗಳ ಪೈಕಿ ಅತ್ಯಂತ ಆಕರ್ಷಕವಾದ ಈ ಬಳ್ಳಿಯು ಅಷ್ಟೇ ವಿಷಕಾರಿಯೂ ಆಗಿದೆ. ಆದುದರಿಂದ ಇದನ್ನು ಬೆಳೆಸುವವರು ಇದರ ಗುಣಾವಗುಣಗಳೆರಡನ್ನೂ ಅರಿತಿರುವುದು ಅವಶ್ಯಕ.

ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಉಷ್ಣ ಪ್ರದೇಶಗಳು ಇದರ ಮೂಲ ನೆಲೆ. 1753ರಲ್ಲಿ ಲಿನೇಯಸ್ ಇದಕ್ಕೆ ಈಗಿನ ಸಸ್ಯಶಾಸ್ತ್ರೀಯ ಹೆಸರನ್ನು ನೀಡಿದನು. ಇದು ತಮಿಳುನಾಡಿನ ರಾಜ್ಯ ಪುಷ್ಪ ಹಾಗೂ ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬೇಲಿ ಮತ್ತು ಪೊದೆಗಳ ಮೇಲೆ ಹಬ್ಬಿ, ಗೌರಿ-ಗಣೇಶ ಹಬ್ಬದ ವೇಳೆಗೆ ಅರಳುವುದರಿಂದ ಗೌರಿ ಹೂವು ಎಂಬ ಹೆಸರು ರೂಢಿಯಲ್ಲಿದೆ.

ಸಸ್ಯ ಲಕ್ಷಣಗಳು

ಗೆಡ್ಡೆಯು ನೇಗಿಲಿನಂತೆ ಬಾಗಿ ಎರಡು ಕವಲಾಗಿರುತ್ತದೆ. ಲಾಂಗಲಿ ಎಂಬ ಸಂಸ್ಕೃತ ಹೆಸರಿಗೆ ಇದೇ ಕಾರಣ. ಎಲೆಯ ತುದಿಯೇ ಕುಡಿಬಳ್ಳಿಯಾಗಿ ಸುರುಳಿ ಸುತ್ತಿಕೊಂಡು ಆಸರೆಯನ್ನು ಹಿಡಿಯುತ್ತದೆ. ಹೂವಿಗೆ ಅಲೆಯಂಚಿನ ಆರು ಎಸಳುಗಳಿದ್ದು, ಅವು ಹಿಂದಕ್ಕೆ ಬಾಗಿ ಜ್ವಾಲೆಯಂತೆ ಮೇಲ್ಮುಖವಾಗಿ ನಿಲ್ಲುತ್ತವೆ. ಅರಳುವಾಗ ಹಸಿರು ಮಿಶ್ರಿತವಾಗಿರುವ ಹೂವು ಕ್ರಮೇಣ ಹಳದಿ, ಕಿತ್ತಳೆ ಹಾಗೂ ಕಡುಗೆಂಪು ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಕಳೆದ ನಂತರ ಬಳ್ಳಿಯು ಒಣಗಿ, ಗೆಡ್ಡೆಯು ಮಣ್ಣಿನೊಳಗೆ ಸುಪ್ತಾವಸ್ಥೆಯಲ್ಲಿ ಉಳಿಯುತ್ತದೆ.

ಬೆಳೆಸುವ ವಿಧಾನ

ನೀರು ಬಸಿದು ಹೋಗುವ ಮರಳು ಮಿಶ್ರಿತ ಕೆಂಪು ಗೋಡು ಮಣ್ಣು ಸೂಕ್ತ. ನೀರು ನಿಂತಲ್ಲಿ ಗೆಡ್ಡೆ ಕೊಳೆಯುತ್ತದೆ. ಮುಂಗಾರಿನ ಆರಂಭದಲ್ಲಿ ಗೆಡ್ಡೆಗಳನ್ನು ಅಡ್ಡಲಾಗಿ ಮಲಗಿಸಿ, ಸುಮಾರು 6 ರಿಂದ 8 ಸೆಂ.ಮೀ. ಆಳದಲ್ಲಿ ನೆಡಬೇಕು. ಮೊಳಕೆಯ ಕಣ್ಣು ಗೆಡ್ಡೆಯ ಕವಲಿನ ತುದಿಯಲ್ಲಿ ಮಾತ್ರ ಇರುವುದರಿಂದ, ತುದಿ ಮುರಿದ ಗೆಡ್ಡೆಯು ಚಿಗುರುವುದಿಲ್ಲ. ಬಳ್ಳಿಗೆ ಕಡ್ಡಿ, ತಂತಿ ಅಥವಾ ಬೇಲಿಯ ಆಸರೆ ಒದಗಿಸಬೇಕು. ಬೀಜದಿಂದಲೂ ಸಸ್ಯಾಭಿವೃದ್ಧಿ ಸಾಧ್ಯವಿದೆ. ಆದರೆ ಹೂ ಬಿಡಲು ಕೆಲವು ವರ್ಷಗಳು ಬೇಕಾಗುತ್ತವೆ.

ತಮಿಳುನಾಡಿನ ಕರೂರು, ದಿಂಡಿಗಲ್ ಮುಂತಾದ ಜಿಲ್ಲೆಗಳಲ್ಲಿ ಬೀಜಕ್ಕಾಗಿ ಇದನ್ನು ವಾಣಿಜ್ಯ ಬೆಳೆಯಾಗಿ ಬೆಳೆಯಲಾಗುತ್ತಿದೆ. ಶಲಾಕೆಯು ಕೇಸರಗಳಿಂದ ದೂರಕ್ಕೆ ಬಾಗಿರುವುದರಿಂದ ಸ್ವಕೀಯ ಪರಾಗಸ್ಪರ್ಶ ಸುಲಭವಲ್ಲ. ಆದುದರಿಂದ ಬೆಳೆಗಾರರು ಬೆಳಗಿನ ವೇಳೆಯಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡುತ್ತಾರೆ.

ಉಪಯೋಗಗಳು

ಬೀಜ ಮತ್ತು ಗೆಡ್ಡೆಗಳಲ್ಲಿರುವ ಕಾಲ್ಚಿಸಿನ್ ಎಂಬ ಕ್ಷಾರಾಭವು ಕೀಲುಗಳಲ್ಲಿ ಊತ ತರುವ ಗೌಟ್ ರೋಗದ ಔಷಧಿ. ಸಸ್ಯಕೋಶಗಳ ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಇದರ ಗುಣವನ್ನು 1937ರಿಂದ ತಳಿ ಅಭಿವೃದ್ಧಿಯಲ್ಲಿ ಬಳಸಲಾಗುತ್ತಿದೆ. ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಗುಂಪಿನಲ್ಲಿ ಸೇರಿಸಿದ್ದು, ಶುದ್ಧಿ ಮಾಡದೆ ಬಳಸುವುದಿಲ್ಲ.

ಎಚ್ಚರಿಕೆ

ಈ ಸಸ್ಯದ ಎಲ್ಲಾ ಭಾಗಗಳೂ ವಿಷಕಾರಿ. ಗೆಡ್ಡೆಯನ್ನು ಗೆಣಸೆಂದು ತಪ್ಪಾಗಿ ಭಾವಿಸಿ ಸೇವಿಸಿದವರು ಮೃತಪಟ್ಟ ಪ್ರಕರಣಗಳಿವೆ. ಸೇವಿಸಿದ ಕೆಲವು ಗಂಟೆಗಳ ನಂತರ ಬಾಯಿ ಮತ್ತು ಗಂಟಲಿನಲ್ಲಿ ಉರಿ, ವಾಂತಿ ಹಾಗೂ ತೀವ್ರ ಭೇದಿ ಕಾಣಿಸಿಕೊಳ್ಳುತ್ತವೆ. ಮುಂದಿನ ದಿನಗಳಲ್ಲಿ ಮೂತ್ರಪಿಂಡ, ಹೃದಯ ಮತ್ತು ಅಸ್ಥಿಮಜ್ಜೆಗೆ ಹಾನಿಯಾಗಬಹುದು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಪ್ರತಿವಿಷವಿಲ್ಲ. ಆದುದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

1. ಗೆಡ್ಡೆಗಳನ್ನು ಅಡುಗೆಮನೆಯಲ್ಲಾಗಲಿ, ಗೆಣಸು ಮೊದಲಾದ ಆಹಾರ ಪದಾರ್ಥಗಳ ಜೊತೆಯಲ್ಲಾಗಲಿ ಇಡಬಾರದು.
2. ಬಳ್ಳಿ ಒಣಗಿದ ಮೇಲೂ ಗೆಡ್ಡೆ ಇರುವ ಜಾಗದಲ್ಲಿ ಗುರುತಿನ ಫಲಕವನ್ನು ಉಳಿಸಬೇಕು.
3. ಒಡೆದ ಕಾಯಿಯೊಳಗಿನ ಕೆಂಪು ಬೀಜಗಳು ಮಕ್ಕಳನ್ನು ಆಕರ್ಷಿಸುತ್ತವೆ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಕಾಯಿಗಳನ್ನು ಬಲಿಯುವ ಮೊದಲೇ ತೆಗೆದುಹಾಕಬೇಕು.
4. ಗೆಡ್ಡೆ ಮುಟ್ಟುವಾಗ ಕೈಗವಸು ಧರಿಸಿ, ನಂತರ ಸೋಪಿನಿಂದ ಕೈ ತೊಳೆಯಬೇಕು. ದನಕರುಗಳು ಮೇಯದಂತೆ ನೋಡಿಕೊಳ್ಳಬೇಕು.
5. ಯಾರಾದರೂ ಸೇವಿಸಿದಲ್ಲಿ, ಲಕ್ಷಣಗಳಿಗಾಗಿ ಕಾಯದೆ, ಮನೆಮದ್ದಿನಲ್ಲಿ ಕಾಲ ಕಳೆಯದೆ, 108 ಆಂಬುಲೆನ್ಸ್ ಮೂಲಕ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಸಸ್ಯದ ತುಂಡೊಂದನ್ನು ವೈದ್ಯರಿಗೆ ತೋರಿಸುವುದು ಒಳಿತು.

ಸಂರಕ್ಷಣೆ

ಔಷಧಿಗಾಗಿ ಗೆಡ್ಡೆಗಳನ್ನು ಮಿತಿಮೀರಿ ಅಗೆಯುವುದರಿಂದ ಅನೇಕ ಕಡೆಗಳಲ್ಲಿ ಇದು ವಿರಳವಾಗುತ್ತಿದೆ. ಕಾಡಿನಿಂದ ಗೆಡ್ಡೆಗಳನ್ನು ಕೀಳದೆ, ನರ್ಸರಿಗಳಲ್ಲಿ ಬೆಳೆಸಿದ ಗೆಡ್ಡೆಗಳನ್ನೇ ಉಪಯೋಗಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.