ಟ್ರೈಗನ್

ಕತ್ತರಿಸದ ವಜ್ರದ ಎಂಟುಮುಖಿ ಹರಳಿನ ಮೇಲೆ ಕಾಣುವ ತ್ರಿಕೋನದ ಕುಳಿ. ಹರಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಲೂಪ್ ಎಂಬ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರೆ, ಮುಖದ ದೊಡ್ಡ ತ್ರಿಕೋನದೊಳಗೆ ಪುಟ್ಟ ತ್ರಿಕೋನಗಳು ತಲೆಕೆಳಗಾಗಿ ಕೂತಿರುತ್ತವೆ. ಇವು ಹರಳಿನ ಹುಟ್ಟುಮಚ್ಚೆಯೋ, ಆಮೇಲೆ ಕರಗಿ ಆದ ಗಾಯದ ಕಲೆಯೋ ಎಂಬ ವಾದ ದಶಕಗಳ ಕಾಲ ನಡೆಯಿತು.

1911ರಲ್ಲಿ ಖನಿಜವಿಜ್ಞಾನಿಗಳಾದ ಫರ್ಸ್‌ಮನ್ ಮತ್ತು ಗೋಲ್ಡ್‌ಸ್ಮಿತ್ ತಮ್ಮ ‘ಡೆರ್ ಡಿಯಾಮಂಟ್’ ಗ್ರಂಥದಲ್ಲಿ, ಎಂಟುಮುಖಿಯ ಬದಲು ಕೆಲವು ವಜ್ರಗಳಿಗಿರುವ ದುಂಡು ಮೈಗೆ ಕರಗುವಿಕೆಯೇ ಕಾರಣವೆಂದರು. ಬೆಂಗಳೂರಿನಲ್ಲಿ ವಜ್ರಗಳನ್ನೇ ಗುಡ್ಡೆ ಹಾಕಿಕೊಂಡು ಕೂತಿದ್ದ ಸಿ.ವಿ. ರಾಮನ್ ಇದನ್ನು ಒಪ್ಪಲಿಲ್ಲ. ಬಾಗಿದ ಮುಖಗಳು ಹುಟ್ಟುವಾಗಲೇ ಬಂದ ರೂಪವೆಂದು ಅವರೂ ಎಸ್. ರಾಮಶೇಷನ್ ಅವರೂ 1946ರಲ್ಲಿ ವಾದಿಸಿದರು. ಲಂಡನ್ನಿನ ಸ್ಯಾಮ್ಯುಯೆಲ್ ಟೊಲಾನ್ಸ್ಕಿ ಬೆಳಕಿನ ವ್ಯತಿಕರಣದಿಂದ ಈ ಕುಳಿಗಳ ಆಳವನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ಅಳೆದು, ಅವೂ ಬೆಳವಣಿಗೆಯ ಗುರುತೇ ಎಂದರು. ಅವರ ಕೈಯಲ್ಲಿದ್ದ ಸಾಕ್ಷಿ ಗಟ್ಟಿಯಾಗಿತ್ತು: ಪ್ರಯೋಗಾಲಯದಲ್ಲಿ ಕಾದ ಪೊಟ್ಯಾಶಿಯಂ ನೈಟ್ರೇಟಿನಲ್ಲಿ ವಜ್ರವನ್ನು ಅದ್ದಿ ಸವೆಸಿದರೆ ತ್ರಿಕೋನಗಳು ಮೂಡುತ್ತಿದ್ದವು, ಆದರೆ ತಲೆಕೆಳಗಾಗಿ ಅಲ್ಲ, ನೆಟ್ಟಗೆ.

ಅಳತೆ ಸರಿಯಿತ್ತು, ತೀರ್ಮಾನ ತಪ್ಪಿತ್ತು. 1958ರಲ್ಲಿ ಭೌತವಿಜ್ಞಾನಿ ಫ್ರ್ಯಾಂಕ್ ಮತ್ತು ಸಂಗಡಿಗರು ಕರಗುವಿಕೆಯ ಪರ ನಿಂತರು. ಕುಳಿ ಯಾವ ಕಡೆ ತಿರುಗುತ್ತದೆ ಎಂಬುದು ಶಾಖವನ್ನೂ ಆಕ್ಸಿಜನ್ನಿನ ಪ್ರಮಾಣವನ್ನೂ ಅವಲಂಬಿಸಿದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಎಕ್ಸ್-ಕಿರಣ ಚಿತ್ರಗಳಲ್ಲಿ ಭೌತವಿಜ್ಞಾನಿ ಲ್ಯಾಂಗ್ ಇನ್ನೊಂದನ್ನು ಕಂಡರು: ಚೂಪು ತಳದ ಕುಳಿಗಳು, ಪರಮಾಣುಗಳ ಸಾಲು ತಪ್ಪಿದ ಡಿಸ್‌ಲೊಕೇಶನ್ ರೇಖೆಗಳು ಮೇಲ್ಮೈಗೆ ಬಂದು ಮುಟ್ಟುವ ಕಡೆಯೇ ಇದ್ದವು. ವಜ್ರವನ್ನು ಮೇಲಕ್ಕೆ ಹೊತ್ತು ತರುವ ಕಿಂಬರ್ಲೈಟ್ ಶಿಲಾಪಾಕವೇ ದಾರಿಯಲ್ಲಿ ಅದನ್ನು ತಿನ್ನುತ್ತದೆ. ಬಿಗಿ ಸಡಿಲವಾದ ಕಡೆ ಮೊದಲು. ಎಂಟುಮುಖಿ ಪೂರ್ತಿ ದುಂಡಗಾಗುವ ಹೊತ್ತಿಗೆ ತೂಕದ ಅರ್ಧದಷ್ಟು ಹೋಗಿರುತ್ತದೆ.

ಕರಗುವಿಕೆ ಇಂಥ ಡಿಸ್‌ಲೊಕೇಶನ್ ರೇಖೆಯನ್ನೇ ಹಿಡಿದು ಒಳಗಿಳಿದರೆ ಕೂದಲೆಳೆಯಂಥ ಕೊಳವೆಯಾಗುತ್ತದೆ. ಲೇಸರಿನಿಂದ ಕೊರೆದ ತೂತೆಂದು ಇದನ್ನು ತಪ್ಪು ತಿಳಿಯುವುದುಂಟು. ಆದರೆ ಲೇಸರಿನ ಬಾಯಿ ದುಂಡಗೆ, ಇದರದು ಕೋನಕೋನವಾಗಿ. ಸಾಣೆ ಹಿಡಿಯುವವರು ತೂಕ ಉಳಿಸಲು ಹರಳಿನ ನಡುಪಟ್ಟಿಯಲ್ಲಿ ಮೂಲ ಚರ್ಮದ ಒಂದು ಚೂರನ್ನು ಬಿಡುವುದುಂಟು. ಮಾರುಕಟ್ಟೆಯಲ್ಲಿ ಅದಕ್ಕೆ ‘ನ್ಯಾಚುರಲ್’ ಎನ್ನುತ್ತಾರೆ. ಅದರ ಮೇಲೊಂದು ಟ್ರೈಗನ್ ಕಂಡರೆ, ಕಲ್ಲು ಗಣಿಯಿಂದ ಬಂದದ್ದೆಂಬುದಕ್ಕೆ ಒಳ್ಳೆಯ ಸುಳಿವು.