ಕೆಂಪಮ್ಮ ಅಂದರೆ ರೂಬಿ

ಬೆಂಗಳೂರಲ್ಲಿ ದಿನಕ್ಕೆ ಎಷ್ಟು ಸಲ ‘ಕೆಂಪ’ ಅನ್ನೋ ಹೆಸರು ಕಿವಿಗೆ ಬೀಳುತ್ತೆ ಅಂತ ಯಾವತ್ತಾದ್ರೂ ಗಮನಿಸಿದ್ದೀರಾ? ಮೆಟ್ರೋದಲ್ಲಿ ಮೆಜೆಸ್ಟಿಕ್ ಬಂದರೆ ‘ನಾಡಪ್ರಭು ಕೆಂಪೇಗೌಡ ನಿಲ್ದಾಣ’. ಮೇಲೆ ಹತ್ತಿ ಬಂದರೆ ಕೆಂಪೇಗೌಡ ಬಸ್ ನಿಲ್ದಾಣ, ಪಕ್ಕದಲ್ಲೇ ಕೆ.ಜಿ. ರಸ್ತೆ. ಆನ್‌ಸೈಟ್‌ಗೆ ಹೊರಟರೆ ವಿಮಾನ ನಿಲ್ದಾಣಕ್ಕೂ 2013ರಿಂದ ಅದೇ ಹೆಸರು. ಅಲ್ಲಿ 2022ರಲ್ಲಿ ನಿಲ್ಲಿಸಿದ 108 ಅಡಿ ಎತ್ತರದ ಪ್ರತಿಮೆ. ಇಷ್ಟೆಲ್ಲ ಇದ್ದೂ, ನಿಮ್ಮ ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ಕೆಂಪಯ್ಯ ಅಂತಲೋ ಕೆಂಪಮ್ಮ ಅಂತಲೋ ಒಂದಾದರೂ ಮಗು ಇದೆಯಾ?

ನನಗೆ ಈ ಪ್ರಶ್ನೆ ಬಂದದ್ದು ಮಗಳು ಹುಟ್ಟಿದಾಗ. ಹೆಂಡತಿ ಹೆಸರುಗಳದ್ದೇ ಒಂದು ಎಕ್ಸೆಲ್ ಶೀಟ್ ಮಾಡಿದ್ದಳು. ಹೆಸರು, ಅರ್ಥ, ಅಕ್ಷರ ಎಷ್ಟು, ಕ್ಲೈಂಟ್ ಕಾಲ್‌ನಲ್ಲಿ ಹೇಳಿದರೆ ಎದುರಿನವರಿಗೆ ತಿಳಿಯುತ್ತಾ, ಹೀಗೆ ಕಾಲಂಗಳು. ನಾನು ಕೊನೇ ಸಾಲಿನಲ್ಲಿ ‘ಕೆಂಪಮ್ಮ’ ಅಂತ ಟೈಪ್ ಮಾಡಿದೆ. ಅದು ನಮ್ಮವ್ವನ ಹೆಸರು. ಹೆಂಡತಿ ನಗಲಿಲ್ಲ, ‘ನಿಜವಾಗ್ಲೂನಾ?’ ಅಂದಳು ಅಷ್ಟೆ. ಆ ಸಾಲನ್ನ ಅಳಿಸು ಅಂದದ್ದು ಅವಳಲ್ಲ, ಅವ್ವ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಹೆಸರಿನ ಕತೆ.

‘ಕೆಂಪು’ ಅಪ್ಪಟ ದ್ರಾವಿಡ ಮಾತು. ಕೆಂದಾವರೆ, ಕೆಂಗಣ್ಣು, ಕೆಮ್ಮಣ್ಣು, ಎಲ್ಲದರಲ್ಲೂ ಇರೋದು ಅದೇ ಬೇರು. ತಮಿಳಿನಲ್ಲಿ ಇಂಥ ಕಡೆ ಮೊದಲಿನ ಕಕಾರ ಚಕಾರವಾಯಿತು, ನಮ್ಮಲ್ಲಿ ಹಾಗೇ ಉಳಿಯಿತು. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೆಂದಾವರೆ ಅವರಿಗೆ ಚೆಂದಾಮರೈ. ಇನ್ನು ಹಳ್ಳಿಯಲ್ಲಿ ಕೆಂಪು ಅಂದರೆ ಬರೀ ರಕ್ತದ ಬಣ್ಣವಲ್ಲ. ಬೆಳ್ಳಗಿರೋ ಮಗುವನ್ನ ನೋಡಿ ‘ಕೆಂಪಗೈತೆ’ ಅಂತಾರೆ. ಕಪ್ಪಗಿದ್ದರೆ ಕರಿಯ, ಕರಿಯಮ್ಮ. ಹಳೇ ಮೈಸೂರು ಕಡೆ ಕೆಂಪಮ್ಮ, ಕರಿಯಮ್ಮ ಅಂತ ಗ್ರಾಮದೇವತೆಗಳೂ ಇದ್ದಾರೆ. ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ತಾಯಿಯ ಹೆಸರು. ಬಣ್ಣ, ದೇವರು, ಅಜ್ಜಿ, ಮೂರರಲ್ಲಿ ಯಾವುದಾದರೂ ಒಂದು ಕಾರಣ ಸಾಕಿತ್ತು.

ಈ ಹೆಸರು ಬಡವರ ಮನೆಯದ್ದು ಮಾತ್ರ ಅಂತ ಅಂದುಕೊಂಡಿದ್ದರೆ ತಪ್ಪು. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದ ಕೆಂಪೇಗೌಡನ ಅಪ್ಪನ ಹೆಸರು ಕೆಂಪನಂಜೇಗೌಡ. ಕೆಂಪೇಗೌಡನ ನಂತರ ಇಮ್ಮಡಿ ಕೆಂಪೇಗೌಡ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರು ಹಿಡಿದ ಮೇಲೆ ಈ ಮನೆತನ ಮಾಗಡಿಯಿಂದ ಆಳಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಗೆದ್ದಾಗ ಸೆರೆಯಾದ ಕೊನೆಯವನು ಕೆಂಪವೀರೇಗೌಡ. ಅಂದರೆ ಸುಮಾರು ಇನ್ನೂರು ವರ್ಷ ಒಂದು ಆಳುವ ಮನೆತನ ‘ಕೆಂಪ’ವನ್ನ ಕೈಬಿಡಲಿಲ್ಲ.

ಮೈಸೂರು ಅರಮನೆಗೂ ಈ ಹೆಸರು ಬೇಡವಾಗಿರಲಿಲ್ಲ. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜ ಇನ್ನೂ ಹುಡುಗ. 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯ ನೋಡಿಕೊಂಡವರು ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ. ಬೆಂಗಳೂರನ್ನು ಪ್ಲೇಗು ಹಿಂಡಿದ್ದು ಅವರ ಕಾಲದಲ್ಲಿ. ಶಿವನಸಮುದ್ರದಲ್ಲಿ ಜಲವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಆ ಕೆಲಸ ಶುರುವಾದದ್ದೂ ಅವರ ಆಡಳಿತದಲ್ಲೇ. ನಮ್ಮ ಜಯಚಾಮರಾಜ ಒಡೆಯರ್ ಅವರ ತಾಯಿಯ ಹೆಸರು ಕೂಡ ಕೆಂಪುಚೆಲುವಾಜಮ್ಮಣ್ಣಿ.

ಆದರೆ ಕೆಂಪನಂಜಮ್ಮಣ್ಣಿ ಅನ್ನೋ ಬೋರ್ಡನ್ನ ನೀವು ಎಷ್ಟು ಕಡೆ ನೋಡಿದ್ದೀರಿ? ಅವರ ಬಿರುದು ‘ವಾಣಿವಿಲಾಸ ಸನ್ನಿಧಾನ’. ಆಸ್ಪತ್ರೆ ವಾಣಿವಿಲಾಸ, ರಸ್ತೆ ವಾಣಿವಿಲಾಸ, ಮಾರಿಕಣಿವೆಯ ಅಣೆಕಟ್ಟು ವಾಣಿವಿಲಾಸ ಸಾಗರ. ಆಮೇಲೆ ಹೆಣ್ಣುಮಕ್ಕಳಿಗೆ ಎಷ್ಟೋ ಮನೆಗಳಲ್ಲಿ ವಾಣಿ ಅಂತ ಹೆಸರಿಟ್ಟರು. ಕೆಂಪನಂಜಿ ಅಂತ ಇಟ್ಟವರು ಕಮ್ಮಿ. ಒಬ್ಬರೇ ಮಹಾರಾಣಿಯ ಎರಡು ಹೆಸರಲ್ಲಿ ಕಲ್ಲಿನ ಮೇಲೆ ಹತ್ತಿದ್ದು ಸಂಸ್ಕೃತದ್ದು. ಕೆಂಪಮ್ಮನ ಇಳಿಗಾಲ ಹೇಗೆ ಬಂತು ಅಂತ ನನಗೆ ಅರ್ಥವಾದದ್ದು ಇಲ್ಲೇ.

ಹಳ್ಳಿಯಲ್ಲಿ ಹೆಸರುಗಳು ಒಂದು ಲೂಪ್‌ನಲ್ಲಿ ಓಡುತ್ತಿದ್ದವು. ಮೊಮ್ಮಗಳಿಗೆ ಅಜ್ಜಿಯ ಹೆಸರು, ಅವಳ ಮೊಮ್ಮಗಳಿಗೆ ಮತ್ತೆ ಅದೇ. ಸೊಸೆ ಅತ್ತೆಯ ಹೆಸರು ಬಾಯಿಬಿಟ್ಟು ಹೇಳಬಾರದಲ್ಲ, ಅದಕ್ಕೆ ಮನೆಯಲ್ಲಿ ಕರೆಯೋಕೆ ಪುಟ್ಟಿ, ಚಿನ್ನಿ, ಪಾಪಿ ಅಂತ ಇನ್ನೊಂದು ಹೆಸರು. ಶಾಲೆ, ಕಾದಂಬರಿ, ಸಿನಿಮಾ ಸೇರಿ ಈ ಲೂಪನ್ನ ಮುರಿದವು. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ‘ಇದ್ಯಾವ ಹೆಸರು, ಅರುಣ ಅಂತ ಬರ್ಕೊಳ್ತೀನಿ’ ಅಂದದ್ದು ನಮ್ಮೂರ ಕಡೆ ಎಷ್ಟೋ ಮನೆಯ ಕತೆ. ಸಿನಿಮಾದವರಿಗೆ ಹೀರೋ ಮಚ್ಚು ಹಿಡಿಯಬೇಕಾದಾಗ ಮಾತ್ರ ಹಳೇ ಹೆಸರು ನೆನಪಾಯ್ತು, 2003ರ ‘ಕರಿಯ’ ಇದ್ದಾನಲ್ಲ ಹಾಗೆ.

ತಮಾಷೆ ಏನು ಗೊತ್ತಾ? ಬಣ್ಣ ಹೋಗಲಿಲ್ಲ, ಭಾಷೆ ಬದಲಾಯಿತು ಅಷ್ಟೆ. ಅರುಣ ಅಂದರೆ ಕೆಂಪು. ರೋಹಿತ್ ಅಂದರೂ ಕೆಂಪು. ಶ್ವೇತಾ ಬಿಳಿ, ಶ್ಯಾಮಲಾ ಕಪ್ಪು. ನಮ್ಮ ಟೀಮಿನ ರೋಹಿತ್‌ಗೆ ‘ನೀನು ಕೆಂಪಯ್ಯ ಕಣೋ’ ಅಂದರೆ ಬೇಜಾರು ಮಾಡ್ಕೊಂಡ. ಈಗ ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಒಂದು ಕಿಯಾರಾ ಇದ್ದಾಳೆ. ಇಟಲಿಯ ಕಿಯಾರಾ ಅಂದರೆ ಬೆಳಕು, ತಿಳಿ ಅಂತ. ಐರ್ಲೆಂಡಿನಲ್ಲಿ ಇದೇ ಕಾಗುಣಿತಕ್ಕೆ ಹತ್ತಿರದ ಕೀರಾ ಇದೆ, ಅದು ಕಪ್ಪು ಅನ್ನೋ ಪದದಿಂದ ಬಂದದ್ದು. ಆ ಲೆಕ್ಕದಲ್ಲಿ ಅವಳು ನಮ್ಮ ಕರಿಯಮ್ಮನೇ.

ಅಕ್ಕಸಾಲಿಗರ ಹತ್ತಿರ ಹೋದರೆ ಕೆಂಪು ಅಂದರೆ ಹರಳು, ಮಾಣಿಕ್ಯ. ಮದುವೆಗೆ ಕೆಂಪಿನ ಓಲೆ, ಕೆಂಪಿನ ಅಡ್ಡಿಕೆ ಬೇಕು ಅಂತ ಅಂಗಡಿ ಸುತ್ತುವವರು ಇವತ್ತಿಗೂ ಇದ್ದಾರೆ. ಅಂದರೆ ಕೆಂಪಮ್ಮ ಅನ್ನೋದು ಇಂಗ್ಲಿಷಿನ ರೂಬಿ! 1995ರಲ್ಲಿ ಜಪಾನಿನ ಯುಕಿಹಿರೊ ಮಾತ್ಸುಮೊಟೊ ಬಿಡುಗಡೆ ಮಾಡಿದ ಪ್ರೋಗ್ರಾಮಿಂಗ್ ಭಾಷೆಗೂ ಇದೇ ಹೆಸರು. ನನ್ನ ರೆಸ್ಯೂಮೆಯಲ್ಲಿ ಹತ್ತು ವರ್ಷದಿಂದ ರೂಬಿ ಅಂತ ದಪ್ಪಕ್ಷರದಲ್ಲಿದೆ. ಅದು ನಮ್ಮವ್ವನ ಹೆಸರು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಇಂಗ್ಲೆಂಡಿನಲ್ಲಿ ಈ ರೂಬಿ ವಿಕ್ಟೋರಿಯಾ ರಾಣಿಯ ಕಾಲದ ಕೊನೆಗೆ ಫ್ಯಾಷನ್ ಆಯ್ತು. ಆಮೇಲೆ ಅಜ್ಜಿಯರ ಹೆಸರಾಗಿ ಮೂಲೆಗೆ ಸೇರಿತು. 2000ದ ನಂತರ ಎದ್ದು ಬಂದು ಹೆಣ್ಣುಮಕ್ಕಳ ಮೊದಲ ಹತ್ತು ಹೆಸರುಗಳಲ್ಲಿ ಕೂತಿತು. ಮುತ್ತಜ್ಜಿಯ ಹೆಸರು ಅಲ್ಲಿ ಮತ್ತೆ ಮುದ್ದಾಯಿತು. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಈ ವಾದವನ್ನೆಲ್ಲ ಹೊತ್ತುಕೊಂಡು ಊರಿಗೆ ಹೋದೆ. ಮಹಾರಾಣಿ, ಕೆಂಪೇಗೌಡ, ಮಾಣಿಕ್ಯ, ಎಲ್ಲ ಹೇಳಿದೆ. ಅವ್ವ ಅವರೆಕಾಯಿ ಸುಲೀತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಬ್ಯಾಡ ಕಣ್ ಮಗ, ಆ ಎಸ್ರು ಮಡಗ್ಬ್ಯಾಡ’ ಅಂದಳು.

ಯಾಕವ್ವ ಅಂದೆ. ಚಿಕ್ಕವಳಿದ್ದಾಗ ದೊಡ್ಡ ಮನೆಯೊಂದರಲ್ಲಿ ಕೊಟ್ಟಿಗೆ ಕೆಲಸಕ್ಕೆ ಹೋಗ್ತಿದ್ದಳಂತೆ. ಆ ಮನೆಯ ಯಜಮಾನಿಯ ಹೆಸರೂ ಕೆಂಪಮ್ಮನೇ. ಒಂದೇ ಹೆಸರು, ಒಂದೇ ಹಟ್ಟಿ. ಅವರು ಕೆಂಪಮ್ಮ, ಇವಳು ‘ಲೇ ಕೆಂಪಿ’. ಆ ಮನೆಯ ಆರು ವರ್ಷದ ಹುಡುಗನೂ ಹಾಗೇ ಕೂಗುತ್ತಿದ್ದ. ‘ಅಮ್ಮ ಅನ್ನೋದು ಎಸ್ರಿಗೆ ಸೇರ್ಕಂಡಿದ್ದು ರೇಷನ್ ಕಾರ್ಡ್ ಬಂದ್ಮೇಲೆ ಕಣಪ್ಪ’ ಅಂದಳು. ದನಿ ಎತ್ತಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಕಾಯಿ ಸುಲೀತಾನೇ ಇದ್ದಳು.

ನಾನು ಹೆಸರಿನ ಬೇರು ಹುಡುಕಿದ್ದೆ, ಬಾಲ ನೋಡಿರಲಿಲ್ಲ. ಅಮ್ಮ, ಅಯ್ಯ, ಗೌಡ ಯಾರಿಗೆ ಸಿಗುತ್ತೆ, ಯಾರಿಗೆ ಬರೀ ‘ಇ’ಕಾರ ಉಳಿಯುತ್ತೆ ಅನ್ನೋದೇ ಆ ಹೆಸರುಗಳ ಇನ್ನೊಂದು ಚರಿತ್ರೆ. ಸುಮಾ, ಅರುಣಾ, ಶ್ವೇತಾ ಅಂತ ಇಟ್ಟರೆ ಯಜಮಾನನ ಮಗಳಿಗೂ ಆಳಿನ ಮಗಳಿಗೂ ಹಾಜರಿ ಪುಸ್ತಕದಲ್ಲಿ ಒಂದೇ ಅಳತೆ. ನಾವು ಅನುಕರಣೆ ಅಂತ ಆಡಿಕೊಳ್ಳೋ ಆ ಹೆಸರುಗಳು ಎಷ್ಟೋ ಮನೆಗಳಿಗೆ ಬಿಡುಗಡೆಯೂ ಆಗಿದ್ದವು. ಬೆಂಗಳೂರಲ್ಲಿ ಕೂತು ‘ಹಳೇ ಹೆಸರು ಎಷ್ಟು ಚಂದ’ ಅನ್ನೋಕೆ ನನಗೆ ಸುಲಭ. ನನ್ನನ್ನ ಯಾರೂ ಹಾಗೆ ಕೂಗಿಲ್ಲ.

ಕೊನೆಗೆ ಹೆಸರು ಅವ್ವನೇ ಹೇಳಿದಳು. ಮಗು ಹುಟ್ಟಿದ್ದು ಮೇ ಕೊನೇ ವಾರ, ರೋಹಿಣಿ ಮಳೆ ಹಿಡಿದಿದ್ದಾಗ. ‘ರೋಣಿ ಮಳೇಲಿ ಉಟ್ಟೈತೆ, ರೋಹಿಣಿ ಅಂತ್ಲೇ ಇಡ್ರಿ’ ಅಂದಳು. ಹೆಂಡತಿಯ ಎಕ್ಸೆಲ್ಲಿನ ಎಲ್ಲ ಕಾಲಂನಲ್ಲೂ ಪಾಸಾಯಿತು.

ರಾತ್ರಿ ಅರ್ಥದ ಕಾಲಂ ತುಂಬೋಕೆ ಕೂತಾಗ ನೋಡಿದೆ. ರೋಹಿಣಿ ಅಂದರೆ ಸಂಸ್ಕೃತದಲ್ಲಿ ಕೆಂಪನೆಯವಳು. ರೋಹಿಣಿ ನಕ್ಷತ್ರಕ್ಕೆ ಆ ಹೆಸರು ಬಂದದ್ದೇ ಅದು ಕೆಂಪಗೆ ಹೊಳೆಯುತ್ತೆ ಅಂತ. ಬೆಳಿಗ್ಗೆ ಅವ್ವನಿಗೆ ಹೇಳಿದೆ. ‘ಅಂಗಾ?’ ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರ್ಲಿ ಬುಡು. ಇವಳ್ನ ಯಾರೂ ಲೇ ಅನ್ನಕಿಲ್ಲ’ ಅಂದಳು.

ನಿಮ್ಮ ಅಜ್ಜಿಯ ಹೆಸರೇನು, ಅವರನ್ನ ಯಾರು ಹೇಗೆ ಕರೀತಿದ್ರು, ಒಂದು ಸಲ ಕೇಳಿ ನೋಡಿ. ಹೆಸರಿಡೋದು ಬಿಡೋದು ಆಮೇಲಿನ ಮಾತು.